ಗಾಜಿಲ್ಲದ ಕ್ಯಾಬಿನೆಟ್

ರೀ,

ಟೈಲರಿಂಗ್ ಅಂಗಡಿಗೆ ಹೊರಟೆ. ಶಾಲೆಯ ಯೂನಿಫಾರಂ ಇವತ್ತೇ ಕೊಡಬೇಕು. ನಿಮ್ಮ ಕಂಪ್ಯೂಟರ್ ಭಾಗಗಳೆಲ್ಲ ನನ್ನ ಕಟಿಂಗ್ ಟೇಬಲ್ ಮೇಲಿವೆ. ಸಂಜೆಗೆ ಟೇಬಲ್ ನನಗೆ ಬೇಕು.

ಅವನ್ನೆಲ್ಲ ಕೂರಿಸೋಕೆ ನೀವು ಆರಿಸಿದ್ದ, ಬಣ್ಣದ ಲೈಟಿನ ಗಾಜಿನ ಕ್ಯಾಬಿನೆಟ್ ವಾಪಸ್ ಕೊಟ್ಟು ಬಂದೆ. ಕೂಗಾಡಬೇಡಿ, ಪೂರ್ತಿ ಓದಿ. ನೀವು ಮದುವೆ ಶೂಟಿಂಗ್‌ಗೆ ಹೋದಮೇಲೆ ಟೇಪ್ ಹಿಡಿದು ಅಳೆದೆ. ಗ್ರಾಫಿಕ್ಸ್ ಕಾರ್ಡ್ ಆ ಡಬ್ಬಕ್ಕಿಂತ ಎರಡು ಬೆರಳು ಉದ್ದ ಇದೆ. ಬಟ್ಟೆಯಾಗಿದ್ದರೆ ಮಡಚಿ ಹೊಲಿದುಬಿಡ್ತಿದ್ದೆ. ತಿಂಗಳುಗಟ್ಟಲೆ ಫೋನಿನಲ್ಲಿ ಕಣ್ಣು ನೆಟ್ಟು ಆರಿಸಿದಿರಿ, ಒಂದು ಸಲ ಅಳತೆ ನೋಡೋಣ ಅನ್ನಿಸಲಿಲ್ಲ. ಟೈಲರನ್ನ ಕಟ್ಟಿಕೊಂಡು ಏನು ಪ್ರಯೋಜನ?

ಬದಲಿಗೆ ತಂದಿರೋದು ಕಪ್ಪು ತಗಡಿನದು. ಬಣ್ಣದ ಲೈಟಿಲ್ಲ. ನೋಡೋಕೆ ಬೀರು ಥರ ಇದೆ. ಉಳಿದ ದುಡ್ಡಿಗೆ ಒಳ್ಳೆ ಪವರ್ ಸಪ್ಲೈ ಬಂತು. ನೀವು ತಂದಿದ್ದ ಅಗ್ಗದ್ದು ಎಡಿಟಿಂಗ್ ಮಧ್ಯೆ ಕೈಕೊಟ್ಟಿದ್ದರೆ, ಮದುಮಗಳ ಅಪ್ಪನಿಗೆ ಬಣ್ಣದ ಲೈಟ್ ತೋರಿಸಿ ಸಮಾಧಾನ ಮಾಡ್ತಿದ್ರಾ?

ಸ್ಕ್ರೂಗಳು ನನ್ನ ಬಟನ್ ಡಬ್ಬಿಯಲ್ಲಿವೆ. ಎಣಿಸಿಕೊಂಡು ತಗೊಳ್ಳಿ. ಬಟನ್ ಹಾಕಿ ಬಿಗಿಮಾಡಬೇಡಿ.

ತಿಂಡಿ ಮುಚ್ಚಿಟ್ಟಿದ್ದೀನಿ. ತಿಂದ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಜೋಡಿಸೋಕೆ ಕೂತ್ಕೊಳ್ಳಿ.

ಧೂಳು ಕೂರದಿರಲಿ ಅಂತ ಕ್ಯಾಬಿನೆಟ್‌ಗೆ ಒಂದು ಕವರ್ ಹೊಲಿದಿದ್ದೀನಿ. ಆನ್ ಮಾಡೋ ಮುಂಚೆ ತೆಗೀರಿ, ಇಲ್ಲಾಂದ್ರೆ ಬಿಸಿಯಾಗುತ್ತೆ. ಕವರಿನ ಒಂದು ಪಕ್ಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಇಟ್ಟಿದ್ದೀನಿ. ಅದರಲ್ಲಿ ಇಣುಕಿದರೆ ಬರೀ ಕಪ್ಪು ತಗಡೇ ಕಾಣುತ್ತೆ, ಗೊತ್ತು.

ಆದರೂ ಅಷ್ಟು ಆಸೆಪಟ್ಟಿದ್ರಲ್ಲ.