ಮುಳ್ಳಿಲ್ಲದ ಮೀಟರು

ಮನೆಯಿಂದ,
ಮೇ ೧೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿನಕುರಳಿಗೆ ಅಮ್ಮನ ಮುದ್ದು.

ಹೇಗಿದ್ದೀಯೇ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತಿತ್ತು. ಬಂದರಿನ ಗಾಳಿಯಲ್ಲಿ ಅಷ್ಟೆತ್ತರದ ಕ್ರೇನಿನ ಮೇಲೆ ದಿನವಿಡೀ ಕೂರುವವಳು ಕಿವಿಗೆ ಏನಾದರೂ ಸುತ್ತಿಕೊಳ್ಳಬಾರದೇ? ನಾನು ಹೊಲಿದು ಕಳಿಸಿದ ಟೊಪ್ಪಿ ಪೆಟ್ಟಿಗೆಯಿಂದ ಹೊರಗೇ ಬಂದಿರುವುದಿಲ್ಲ, ನನಗೆ ಗೊತ್ತು. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಶಾಲೆಯ ಸಮವಸ್ತ್ರದ ಕಾಲವಾದ್ದರಿಂದ ಹೊಲಿಗೆ ಕೆಲಸ ಕೈತುಂಬ ಇದೆ. ಮನೆಯೆಲ್ಲ ನೀಲಿ ಬಟ್ಟೆಯ ಚೂರು. ನಿನ್ನೆ ನಿಮ್ಮಪ್ಪನ ಕಾಫಿ ಲೋಟದಲ್ಲೂ ಒಂದು ನೀಲಿ ದಾರ ಸಿಕ್ಕಿತು.

ನೀನು ಕೊಡಿಸಿದ ಕಾರಿನ ವಿಚಾರ ಕೇಳಿದ್ದೀಯ. ಅಪ್ಪನಿಗೆ ಒಗ್ಗದಿದ್ದರೆ ಅಂಗಡಿಯವರು ಈ ತಿಂಗಳೊಳಗೆ ಅದನ್ನು ವಾಪಸು ತೆಗೆದುಕೊಂಡು ಮುಳ್ಳಿನ ಮೀಟರು ಇರುವ ಕಾರು ಕೊಡುತ್ತಾರೆ, ಬೇಕೋ ಬೇಡವೋ ತಿಳಿಸು ಎಂದಿದ್ದೀಯ. ಕಾರೇನೋ ಲಕ್ಷಣವಾಗಿದೆ. ಆದರೆ ನಿಮ್ಮಪ್ಪ ಮೊದಲ ದಿನ ಬಾಗಿಲು ತೆಗೆದವರೇ ಸ್ಟೀರಿಂಗಿನ ಹಿಂದೆ ಇಣುಕಿ, ‘ಇದೇನೇ, ಮೀಟರ್ ಕಿತ್ಕೊಂಡು ಟೀವಿ ಇಟ್ಟಿದಾರೆ!’ ಎಂದರು. ಅಂದು ಹೂಡಿದ ವ್ಯಾಜ್ಯ ಇನ್ನೂ ಮುಗಿದಿಲ್ಲ. ಬಸ್ಸು ಓಡಿಸಿ ನಿವೃತ್ತರಾದವರಲ್ಲವೇ, ಮೀಟರೆಂದರೆ ಪ್ರಾಣ. ‘ಮುಳ್ಳು ಮೇಲೇಳ್ತಾ ಇದ್ರೆ ಇಂಜಿನ್ ಬಿಸಿಯಾಗ್ತಿದೆ ಅಂತ ಮೊದಲೇ ಗೊತ್ತಾಗುತ್ತೆ. ಇದು ಕೈಮೀರಿದ ಮೇಲೆ ಬೊಬ್ಬೆ ಹೊಡೆಯುತ್ತೆ’ ಎನ್ನುತ್ತಾರೆ. ವೇಗ ತೋರಿಸುವ ಅಂಕಿಯಂತೂ ಅವರಿಗೆ ಸೇರುವುದೇ ಇಲ್ಲ. ‘ಒಂದೇ ಸಮ ಕುಣೀತಾ ಇರುತ್ತೆ. ಅದನ್ನ ಓದ್ಬೇಕು, ಆಮೇಲೆ ಅರ್ಥ ಮಾಡ್ಕೋಬೇಕು. ಮುಳ್ಳಾದ್ರೆ ಓದೋದೇ ಬೇಡ, ಎಲ್ಲಿ ವಾಲಿದೆ ಅಂತ ಕಣ್ಣಂಚಿಗೇ ತಿಳಿಯುತ್ತೆ.’ ಗ್ಯಾರೇಜಿನವನು, ‘ಈಗಿನ ಗಾಡಿ ತನ್ನ ಜ್ವರ ತಾನೇ ನೋಡ್ಕೊಳ್ಳುತ್ತೆ ಸಾರ್, ನೀವು ಸುಮ್ನೆ ರೋಡ್ ನೋಡಿ’ ಎಂದದ್ದಕ್ಕೆ ಅವನ ಜೊತೆ ಮಾತು ಬಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಇಬ್ಬರದೂ ಸರಿ. ನನ್ನ ಹೊಲಿಗೆ ಯಂತ್ರಕ್ಕೆ ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಸದ್ದು ಬದಲಾದರೆ ಎಣ್ಣೆ ಬಿಡುತ್ತೇನೆ, ಅಷ್ಟೇ.

ಈ ಜಗಳದಿಂದ ನನಗೊಂದು ಲಾಭವಾಗಿದೆ. ಇಷ್ಟು ವರ್ಷ ಬಟ್ಟೆಯ ಗಂಟುಗಳ ಜೊತೆ ಹಿಂದೆ ಕೂರುತ್ತಿದ್ದವಳಿಗೆ ಮುಂದಿನ ಸೀಟಿಗೆ ಬಡ್ತಿ ಸಿಕ್ಕಿದೆ. ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುವುದು ನನ್ನ ಕೆಲಸ. ಅವರು ‘ಎಷ್ಟಿದೆ?’ ಎನ್ನುತ್ತಾರೆ, ನಾನು ಹೇಳುತ್ತೇನೆ. ನಡುನಡುವೆ ಬೇರೆ ಮಾತೂ ಬರುತ್ತದೆ. ಮದುವೆಯಾದ ಹೊಸತರಲ್ಲೂ ನಾವು ಇಷ್ಟು ಮಾತಾಡಿರಲಿಲ್ಲ ಕಣೇ. ನಗಬೇಡ, ನನಗೆ ನಿಜಕ್ಕೂ ಖುಷಿಯಾಗಿದೆ.

ಬುಧವಾರ ನನಗೆ ಬಿಡುವಿರಲಿಲ್ಲವೆಂದು ಅವರೊಬ್ಬರೇ ಶಾಲೆಗೆ ಸಮವಸ್ತ್ರ ಕೊಡಲು ಹೊರಟರು. ಹಿಂಬಾಗಿಲು ಸರಿಯಾಗಿ ಹಾಕಿರಲಿಲ್ಲ. ಪರದೆ ಕುಂಯ್‌ಗುಟ್ಟಿ, ದಪ್ಪಕ್ಷರದಲ್ಲಿ ಅದನ್ನೇ ಬರೆದು ತೋರಿಸಿದೆ. ಇವರು ‘ಏನೋ ಸ್ವಾಗತ ಹೇಳ್ತಿದೆ’ ಎಂದುಕೊಂಡು ಹೋಗಿದ್ದಾರೆ. ತಿರುವಿನಲ್ಲಿ ಬಾಗಿಲು ತೆರೆದುಕೊಂಡು ಒಂದು ಗಂಟು ನಡುರಸ್ತೆಗೆ ಬಿತ್ತು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರು ಇವರ ಹಳೆಯ ಶಿಷ್ಯನೇ. ಬಸ್ಸು ನಿಲ್ಲಿಸಿ, ಇಳಿದು, ನೀಲಿ ಚಡ್ಡಿಗಳನ್ನೆಲ್ಲ ಆರಿಸಿಕೊಟ್ಟನಂತೆ. ಮನೆಗೆ ಬಂದವರು ‘ಮೀಟರ್ ಇದ್ದಿದ್ರೆ ಹೀಗಾಗ್ತಿತ್ತಾ?’ ಎಂದು ನನ್ನ ಮೇಲೆ ಎಗರಿದರು. ಬಾಗಿಲಿಗೂ ಮುಳ್ಳು ಇರುತ್ತಿತ್ತೇ ಎಂದು ಕೇಳಿದೆ.

ಅಂತೂ ನಿಮ್ಮಪ್ಪ ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ. ಅವರಿಗೆ ಮುಳ್ಳಿನ ಕಾರೇ ಬೇಕಂತೆ. ನಿನ್ನ ಮೇಲೆ ಬೇಸರವೇನಿಲ್ಲ. ಮಗಳು ಕೊಡಿಸಿದ್ದು ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿಯಾಗಿದೆ, ಬಯ್ಯುವುದೆಲ್ಲ ಮನೆಯೊಳಗೆ ಮಾತ್ರ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಎತ್ತರದಿಂದ ಇಳಿಯುವಾಗ ಅವಸರ ಮಾಡಬೇಡ. ಹೋದಲ್ಲೆಲ್ಲ ಒಳ್ಳೆಯದಾಗಲಿ, ನಗುನಗುತ್ತಾ ಇರು. ಅಪ್ಪನೂ ಹಾಗೆಯೇ ಹೇಳಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಇಲ್ಲಿಯವರೆಗಿನದನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಚಡ್ಡಿಯ ವಿಷಯ ಯಾಕೆ ಬರೆದೆ ಎಂದು ಗೊಣಗಿ ಸ್ನಾನಕ್ಕೆ ಹೋದರು. ಬೇಗ ಬೇಗ ಬರೆಯುತ್ತಿದ್ದೇನೆ. ಮುಳ್ಳಿನ ಕಾರು ಕಳಿಸಬೇಡ. ಅವರಿಗೆ ಅಂಕಿ ಕಾಣುತ್ತಿಲ್ಲ ಕಣೇ. ಮುಳ್ಳು ಮಂಜುಮಂಜಾಗಿದ್ದರೂ ಎಲ್ಲಿ ವಾಲಿದೆ ಎಂದು ತಿಳಿಯುತ್ತದೆ, ಅಂಕಿ ಹಾಗಲ್ಲ. ಹಳೆಯ ಕಾರಿನಲ್ಲಿ ಯಾವಾಗಿನಿಂದ ಹೀಗೆ ಓಡಿಸುತ್ತಿದ್ದರೋ! ಮೊದಲೆಲ್ಲ ನನ್ನ ಪತ್ರ ಕಿತ್ತುಕೊಂಡು ಓದಿ ತಪ್ಪು ಹುಡುಕುತ್ತಿದ್ದವರು, ಈಗ ‘ನೀನೇ ಓದು, ಕೇಳೋಕೆ ಚೆನ್ನಾಗಿರುತ್ತೆ’ ಎನ್ನುತ್ತಾರೆ. ನಾನೂ ಹಿಗ್ಗಿ ಓದುತ್ತಿದ್ದೆ, ದಡ್ಡಿ. ಕನ್ನಡಕ ಬದಲಿಸಿದರೂ ಅಷ್ಟೇ. ಪೊರೆ ಬಂದಿರಬೇಕು. ಬುಧವಾರದಿಂದ ಕಾರಿನ ಕೀ ನನ್ನ ಗುಂಡಿ ಡಬ್ಬಿಯಲ್ಲಿದೆ, ಕಳೆದುಹೋಗಿದೆ ಎಂದು ಪಾಪ ಹುಡುಕುತ್ತಿದ್ದಾರೆ. ಫೋನಿನಲ್ಲಿ ಹೇಳೋಣವೆಂದರೆ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಕಣ್ಣಿನ ಡಾಕ್ಟರು ಎಂದರೆ ಸಾಕು, ‘ಇನ್ಮೇಲೆ ಗಾಡಿ ಮುಟ್ಬೇಡ ಅಂದ್ಬಿಟ್ರೆ?’ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮುಳ್ಳಿನ ಕಾರು ಬಂದರೆ ಆ ಹೆದರಿಕೆಯನ್ನು ಮುಚ್ಚಿಟ್ಟುಕೊಂಡೇ ಓಡಿಸುತ್ತಾರೆ, ಒಂದು ದಿನ ಚಡ್ಡಿಯ ಗಂಟಿಗೆ ಮುಗಿಯುವುದಿಲ್ಲ. ನೀನೇ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನಿನಗೆ ಇಲ್ಲ ಎನ್ನುವುದಿಲ್ಲ. ಕಣ್ಣು ಸರಿಹೋದರೆ ನನ್ನ ಓದುವ ಕೆಲಸ ಹೋಗುತ್ತದೆ, ಹೋಗಲಿ. ನಲ್ಲಿಯ ಸದ್ದು ನಿಂತಿತು. ಬೇಗ ಬಾ.