ಬೆಟಗೇರಿಗೆಲ್ಲ ಒಂದೇ ದನಿ

ಬೆಟಗೇರಿ,
ಫೆಬ್ರುವರಿ ಮೂವತ್ತು, 2317

ಡಾ. ಕುಮುದಾ ಹೊಂಬಳ ಅಕ್ಕನವರಿಗೆ ದಾಕ್ಷಾಯಣಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ, ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹಿಂದಿನ ಕಾಲದವರಿಗೆ ಕಾಗದ ಬರೆದು ರೂಢಿಯಿಲ್ಲ. ನೀವು ವಿಜ್ಞಾನ ಬಳಗದ ಭಾಷಣಕ್ಕೆ ಹೊರಡುವ ಆದಿತ್ಯವಾರದ ಮುಂಜಾನೆಯೇ ಇದು ಕೈಸೇರುತ್ತದೆ ಎಂದು ನಮ್ಮ ಅಂಚೆಯವರು ಹೇಳಿದ್ದಾರೆ. ಚಹಾ ಆರಿದರೂ ಸರಿ, ಪೂರ್ತಿ ಓದಿ.

ಹಾಳಾದ ಅಂಗವನ್ನು ಜೀವಕಣದಿಂದ ಮತ್ತೆ ಬೆಳೆಸುವ ಬಗ್ಗೆ ಇಂದು ನೀವು ಮಾತಾಡುತ್ತೀರಿ. ನಿಮ್ಮ ಬಳಗದ ಪದ್ಧತಿ ನನಗೆ ಗೊತ್ತು. ಭಾಷಣ ಮಾಡಿದವರು ತಮ್ಮ ಮೈಮೇಲೇ ಮಾಡಿ ತೋರಿಸಬೇಕು, ನಲವತ್ತು ನಿಮಿಷಕ್ಕೆ ಗಂಟೆ ಹೊಡೆದರೆ ಎಲ್ಲ ಬಂದ್, ಒಂದು ವಿಷಯಕ್ಕೆ ಎರಡನೇ ಭಾಷಣವಿಲ್ಲ. ಅದರಂತೆ ನೀವು ನಿಮ್ಮ ಗಂಟಲಿನಿಂದ ಒಂದು ಚೂರು ತೆಗೆಸಿ ಶೀತಪೆಟ್ಟಿಗೆಗೆ ಹಾಕಿಸುತ್ತೀರಿ. ಜನ ಚಪ್ಪಾಳೆ ತಟ್ಟುತ್ತಾರೆ.

ನಿಮ್ಮ ನಂತರ ನೂರು ವರ್ಷಕ್ಕೆ ಗಾಳಿ ಕೆಟ್ಟು 'ಬತ್ತು' ಬಂತು. ಬತ್ತು ಎಂದರೆ ಏಳು ವರ್ಷ ತುಂಬುವುದರೊಳಗೆ ಮಗುವಿನ ಗಂಟಲು ಒಣಗಿ ಉಸಿರು ಕಟ್ಟುವ ರೋಗ. ಗಾಳಿ ಕೆಟ್ಟ ಮೇಲೆ ಹುಟ್ಟಿದವರ ಕಣ ಮೊಳೆಯುವುದಿಲ್ಲ, ರೋಗಕ್ಕಿಂತ ಹಿಂದಿನ ಕಾಲದ್ದೇ ಬೇಕು. ಹುಡುಕಿದಾಗ ಊರಿಗೆಲ್ಲ ಸಿಕ್ಕಿದ್ದು ನಿಮ್ಮದೊಂದೇ ಚೂರು. ಅದರಿಂದ ಬೆಳೆಸಿ ಪ್ರತಿ ಮಗುವಿಗೂ ಇಡುವುದಕ್ಕೆ ಮೊಳಕೆಗಂಟಲು ಎನ್ನುತ್ತೇವೆ. ನಾವು ಬದುಕಿದ್ದೇವೆ, ಆ ಋಣ ಮರೆತಿಲ್ಲ. ಆದರೆ ಅಕ್ಕಾ, ಇಡೀ ಬೆಟಗೇರಿ ನಿಮ್ಮ ದನಿಯಲ್ಲಿ ಮಾತಾಡುತ್ತದೆ. ಗಂಡಸರೂ ಅಷ್ಟೇ, ಮುದುಕರೂ ಅಷ್ಟೇ. ಓಣಿಯಲ್ಲಿ ಇಬ್ಬರು ಜಗಳವಾಡಿದರೆ ಯಾರೋ ಒಬ್ಬಳು ತನ್ನನ್ನು ತಾನೇ ಬೈದುಕೊಂಡಂತೆ ಕೇಳುತ್ತದೆ. ಬಾಗಿಲ ಹಿಂದಿನಿಂದ ಕರೆಯುವಾಗ ಮೊದಲು ಹೆಸರು ಹೇಳಬೇಕು, ಇದಕ್ಕೆ 'ಮುನ್ಹೆಸರು' ಎನ್ನುತ್ತೇವೆ. ಶಾಲೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಕಲಿಸುವುದು ಅದನ್ನೇ. ನನ್ನ ಗಂಡ ತೀರಿಹೋದ ಮರುದಿನ ಬದನೆಕಾಯಿ ಮಾರುವವನು ಮುನ್ಹೆಸರು ಮರೆತು ಅಂಗಳದಿಂದ ಕೂಗಿದ. ನಾನು ಎದ್ದು ಬಾಗಿಲಿಗೆ ಓಡಿದೆ. ಅವತ್ತು ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಮುಚ್ಚಿಟ್ಟು ಏನು ಪ್ರಯೋಜನ.

ಸಿಟ್ಟಿಗೆ ಕಾರಣವಿದೆ. ನಿಮ್ಮ ಭಾಷಣದ ಧ್ವನಿಮುದ್ರಣ ನಮ್ಮಲ್ಲಿದೆ. ಗಂಟೆ ಹೊಡೆದ ಮೇಲೆ ಹಿಂದಿನ ಸಾಲಿನಿಂದ ನೀಲವ್ವ ಎಂಬ ನೇಕಾರ ಹೆಂಗಸು ಎದ್ದು ನಿಲ್ಲುತ್ತಾಳೆ. "ನಂದೂ ಒಂಚೂರು ತಗೊಳ್ರಿ ಅಕ್ಕಾರ, ನನ್ನ ಗಂಟಲೇನು ಕೆಟ್ಟಿಲ್ಲ" ಅನ್ನುತ್ತಾಳೆ. ನೀವು ನಗುತ್ತೀರಿ. "ಗಂಟಿ ಆತಲ್ಲ ನೀಲವ್ವ, ಮತ್ತ ಯಾವಾಗರ ನೋಡೂಣು." ಆ ಮತ್ತೊಂದು ಸಲ ಬರಲೇ ಇಲ್ಲ. ಮುಂದಿನ ವಾರ ಬಳಗದವರು ಸೌರಶಕ್ತಿಯ ಬಗ್ಗೆ ಮಾತಾಡಿದರು. ನೀಲವ್ವನ ಒಡೆದ, ದಪ್ಪ ದನಿಯ ಆ ಒಂದು ಮಾತು ಕೇಳಲು ನಮ್ಮೂರಿನ ಮಕ್ಕಳು ಸರದಿ ನಿಲ್ಲುತ್ತಾರೆ. ದೊಡ್ಡವರ ಬಾಯಲ್ಲಿ ನಿಮ್ಮದಲ್ಲದ ದನಿಯೂ ಇರಬಹುದು ಎಂದು ಅವರಿಗೆ ತಿಳಿಯುವುದು ಅಲ್ಲಿಯೇ.

ನನ್ನ ಮಗಳು ಹೊನ್ನಿಗೆ ಆರು ವರ್ಷ. ಅವಳ ಗಂಟಲು ಅರ್ಧ ಬತ್ತಿದೆ. ಒಣಎಲೆ ಸರಿದಂತಹ ದನಿ, ಆದರೂ ಅವಳದೇ. ನಾಳೆ ಬೆಳಗ್ಗೆ ಅದನ್ನು ತೆಗೆದು ನಿಮ್ಮದನ್ನು ಇಡುತ್ತಾರೆ. ಇಡದಿದ್ದರೆ ಅವಳು ಉಳಿಯುವುದಿಲ್ಲ. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಇಂದು ಗಂಟೆ ಹೊಡೆದರೆ ಹೊಡೆಯಲಿ. ಬಳಗದವರು ಗೊಣಗಲಿ. ನೀಲವ್ವನನ್ನು ಮುಂದೆ ಕರೆದು ಕೂರಿಸಿ, ಅವಳದೂ ಒಂದು ಚೂರು ತೆಗೆದಿಡಿ. ಆಮೇಲೆ ಅವಳ ಪಕ್ಕದವರದೂ.

ಇವತ್ತು ಮಧ್ಯಾಹ್ನ ಜಡೆ ಹಾಕುತ್ತಿದ್ದೆ. ಹೊನ್ನಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದಳು, "ಅವ್ವಾ, ನಾಳಿಂದ ನಾ ಹೆಸರು ಹೇಳೂದು ಮರತು ಕರದ್ರ, ನನ್ನ ಗುರ್ತ ಹಿಡೀತಿಯೇನ?"

ಹಿಡಿಯುತ್ತೇನೆ ಎಂದೆ. ಆ ಸುಳ್ಳನ್ನು ನಿಮ್ಮ ದನಿಯಲ್ಲೇ ಹೇಳಿದೆ, ಅಕ್ಕಾ.