ಸೂರ್ಯನ ಕಲೆ ಮತ್ತು ಪಾದ್ರಿ ಎವಾರಿಸ್ತೊ

ಶಕ ೨೪೭೭, ಆಷಾಢದ ನಲವತ್ತೊಂದನೆಯ ದಿನ
ಕೋಲಾರದ ಚಿನ್ನದ ಗಣಿಯ ಕೆಳಗಿನ ಊರು

ಹಿಂದಿನ ಕಾಲದವರೇ,

ತಿಂಗಳಿಗೆ ಇಷ್ಟು ದಿನವೇ ಎಂದು ಬೆರಗಾಗಬೇಡಿ. ನೆಲದಡಿಯ ನಮಗೆ ಚಂದ್ರ ಕಾಣುವುದಿಲ್ಲ. ತಿಂಗಳನ್ನು ನಾವೇ ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಅಲುವೇಲು, ಇಲ್ಲಿನ ಬಿಸಿಲುಗಾವಲಿ. ಎಂದರೆ ಹಗಲು ಗಣಿಯ ಬಾಯಿಂದ ಸೂರ್ಯನನ್ನು ನೋಡುತ್ತಿದ್ದು, ಅಲ್ಲಿಂದ ಬೆಂಕಿಗಾಳಿ ಸಿಡಿದು ಬರುವ ಮೊದಲೇ ಊರನ್ನು ಎಚ್ಚರಿಸುವವಳು. ವಾರದ ಹಿಂದೆ ಸೂರ್ಯನ ಮೇಲೆ ಹಿಂದೆಂದೂ ಕಾಣದಷ್ಟು ದೊಡ್ಡ ಕಲೆ ಎದ್ದಿದೆ. ನನಗೆ ಜೀವಭಯ ಹತ್ತಿದೆ. ಅದಕ್ಕೇ, ನಮ್ಮ ಕಸುಬಿನವರು ಬಾಯಿಂದ ಬಾಯಿಗೆ ಹೇಳುತ್ತ ಬಂದ ಒಬ್ಬ ಪಾದ್ರಿಯ ಕತೆಯನ್ನು ನಿಮಗೆ ಬರೆಯುತ್ತಿದ್ದೇನೆ.

ದುರ್ಬೀನು ಹೊಸದಾಗಿ ಬಂದ ಕಾಲವದು. ಇಟಲಿಯ ಗುಡ್ಡದೂರೊಂದರಲ್ಲಿ ಎವಾರಿಸ್ತೊ ಎಂಬ ಪಾದ್ರಿಯಿದ್ದ. ಬೆಳಗಿನ ಪೂಜೆ ಮುಗಿಸಿ, ಚರ್ಚಿನ ಕಿಟಕಿಗೆ ದುರ್ಬೀನು ಕಟ್ಟಿ, ಸೂರ್ಯನ ಬಿಂಬವನ್ನು ಬಿಳಿಗೋಡೆಯ ಮೇಲೆ ಬೀಳಿಸುತ್ತಿದ್ದ. ಒಂದು ದಿನ ಬಿಂಬದಲ್ಲಿ ಕಪ್ಪು ಕಲೆ ಕಂಡು, ಹಿಗ್ಗಿನಿಂದ ಊರವರನ್ನೆಲ್ಲ ಕರೆದು ತೋರಿಸಿದ. ಅದೇ ವಾರ ಊರಿಗೆ ಜ್ವರ ಬಿತ್ತು, ಮಕ್ಕಳು ಸಾಯತೊಡಗಿದರು. ಸೂರ್ಯನಿಗೇ ಸಿಡುಬು ತಗಲಿದೆ, ಮದ್ದಿನ ಬೇರು ಮಾರುವ ವಿಧವೆ ಓರ್ಸೊಲಾಳ ಮಾಟವೇ ಇದಕ್ಕೆ ಕಾರಣ ಎಂದು ಮಾತು ಹಬ್ಬಿತು. ಅವಳು ಓಡಿಬಂದು ಚರ್ಚಿನೊಳಗೆ ಸೇರಿಕೊಂಡಳು. ಕೊಡಲಿ ಹಿಡಿದ ಜನ ಹಿಂದೆಯೇ ಬಂದರು.

ಎವಾರಿಸ್ತೊ ಬಾಗಿಲಿಗೆ ಅಡ್ಡ ನಿಂತ.

“ನನಗೂ ಭಯವಾಗಿದೆ,” ಎಂದ. “ಆದರೆ ಆ ಕಲೆ ದಿನವೂ ಅಂಚಿನ ಕಡೆ ಸರಿಯುತ್ತಿದೆ. ಇವಳು ಸತ್ತರೂ ಸರಿಯುತ್ತದೆ, ಬದುಕಿದರೂ ಸರಿಯುತ್ತದೆ. ಬಂದು ನೀವೇ ನೋಡಿ.”

ಜನ ಕೊಡಲಿ ಇಳಿಸಿ, ದಿನವೂ ಬಂದು ಗೋಡೆ ನೋಡಿದರು. ಕೊನೆಗೆ ಕಲೆ ಅಂಚು ದಾಟಿ ಮರೆಯಾಯಿತು. ಜ್ವರ ಮಾತ್ರ ನಿಲ್ಲಲಿಲ್ಲ. ಓರ್ಸೊಲಾ ಹೊರಬಂದು, ತನ್ನನ್ನು ಕೊಲ್ಲಲು ಬಂದವರ ಮಕ್ಕಳಿಗೇ ಕಷಾಯ ಕಾಯಿಸಿಕೊಟ್ಟಳು. ದೇವರ ಸೂರ್ಯನಿಗೆ ಕಳಂಕ ಹಚ್ಚಿದನೆಂದು ಚರ್ಚಿನ ಮೇಲಿನವರು ಎವಾರಿಸ್ತೊನ ದುರ್ಬೀನು ಕಿತ್ತುಕೊಂಡು, ಅವನನ್ನು ದೂರದ ಮಠಕ್ಕೆ ಅಟ್ಟಿದರು. ಅಲ್ಲಿ ಅವನು ಚಾವಣಿಗೆ ಸಣ್ಣ ತೂತು ಕೊರೆದು, ನೆಲಕ್ಕೆ ಬಿದ್ದ ಸೂರ್ಯನನ್ನು ಸಾಯುವವರೆಗೂ ನೋಡುತ್ತಿದ್ದ.

ಈಗ ನಮ್ಮಲ್ಲೂ ಅಂಥದೇ ಮಾತು ಎದ್ದಿದೆ. ಕಡಲು ನುಂಗಿದ ಊರುಗಳಿಂದ ಬಂದ ಕುಟುಂಬಗಳು ಆಸರೆ ಕೇಳಿ ಗಣಿಯ ಬಾಯಲ್ಲಿ ಕೂತಿವೆ. ಅವರು ಕಾಲಿಟ್ಟ ಮೇಲೆಯೇ ಸೂರ್ಯ ಕೆಟ್ಟದ್ದು ಎನ್ನುತ್ತಾರೆ ನಮ್ಮವರು. ಊರ ಯಜಮಾನ ಮುನಿಶಾಮಪ್ಪನವರು ಈಗಷ್ಟೇ ಬಂದಿದ್ದರು.

“ಬಾಗ್ಲು ಹಾಕ್ಬಿಡಿ ಅಂತ ನೀನೊಂದು ಮಾತು ಹೇಳಮ್ಮ. ನೀನು ಹೇಳಿದ್ರೆ ಯಾರೂ ಎದುರಾಡಲ್ಲ,” ಎಂದರು.

ಹೇಳುವುದಿಲ್ಲ ಎಂದೆ. ಅವರು ತಲೆ ತಗ್ಗಿಸಿಕೊಂಡು ಹೋದರು.

ನಾಳೆ ಬೆಂಕಿಗಾಳಿ ಬಡಿಯುತ್ತದೆ. ಅಷ್ಟರೊಳಗೆ ಹೊರಗಿನವರೆಲ್ಲ ಒಳಗೆ ಬರಬೇಕು. ಮೇಲಿನಿಂದ ಕೂಗಾಟ ಕೇಳಿಸುತ್ತಿದೆ, ಮಕ್ಕಳ ಅಳುವೂ ಕೇಳಿಸುತ್ತಿದೆ. ಆಕಾಶದಲ್ಲಿ ಕಂಡದ್ದಕ್ಕೆ ನೆಲದ ಮೇಲಿನ ಯಾರನ್ನಾದರೂ ದೂರುವ ಮಾತು ನಿಮ್ಮೂರಲ್ಲಿ ಹುಟ್ಟಿದರೆ, ಮೊದಲ ದಿನವೇ ಅಲ್ಲಗಳೆಯಿರಿ. ನಾವು ತಡಮಾಡಿದೆವು.

ಬಾಗಿಲು ಇನ್ನೂ ಮುಚ್ಚಿಲ್ಲ. ಅಲ್ಲಿಗೇ ಹೊರಟೆ.